ಸ್ಟೆಂಟ್ ಹಾಕಿದ ಮೇಲೂ ಮುಗಿಯದ ಕಾಯಿಲೆ
(ವೈದ್ಯಕೀಯ ನೆರವು ನಿಧಿ: ತಿಳಿವಳಿಕೆ ಲೇಖನ ಮತ್ತು ಮನವಿ)



ಕಳೆದ ತಿಂಗಳು ನೆರವು ಸಮಿತಿಯ ಸಭೆಯಲ್ಲಿ ಹಿರಿಯ ದಾನಿಯೊಬ್ಬರು ಒಂದು ಪ್ರಶ್ನೆ ಕೇಳಿದರು. "ಈ ಹುಡುಗಿಗೆ ಎರಡು ವರ್ಷದ ಹಿಂದೆಯೇ ಸ್ಟೆಂಟ್ ಹಾಕಿಸಲು ಹಣ ಕೊಟ್ಟಿದ್ದೇವೆ. ಬ್ಲಾಕ್ ತೆಗೆದಾಯಿತು. ಈಗ ಮತ್ತೆ ಅದೇ ಹೆಸರು ಪಟ್ಟಿಯಲ್ಲಿ ಯಾಕೆ ಬಂತು?"

ಕೇಳಿದ್ದು ನ್ಯಾಯವಾಗಿತ್ತು. ಆದರೆ ಉತ್ತರ ಎರಡು ಮಾತಿನಲ್ಲಿ ಮುಗಿಯುವಂಥದ್ದಲ್ಲ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಪುಣೆಯಲ್ಲಿ ಪೆಥಾಲಜಿ ಪ್ರಯೋಗಾಲಯದ ಕೆಲಸ ಮಾಡಿ ನಿವೃತ್ತಳಾದವಳು ನಾನು. ಹಾಗಾಗಿ ಬರೆದು ತಿಳಿಸುವ ಹೊಣೆ ನನ್ನ ಪಾಲಿಗೆ ಬಂತು. ನಾನು ವೈದ್ಯಳಲ್ಲ. ಇಲ್ಲಿ ಬರೆದದ್ದನ್ನು ನಿಮ್ಮ ವೈದ್ಯರ ಚೀಟಿಗೆ ಬದಲಾಗಿ ಬಳಸಬೇಡಿ. ಕಾಯಿಲೆ ಹೇಗೆ ನಡೆಯುತ್ತದೆ, ನಮ್ಮ ಹಣ ಅಲ್ಲಿ ಏನು ಮಾಡುತ್ತದೆ ಎಂದು ತಿಳಿಯಲು ಮಾತ್ರ ಓದಿ. ಹುಡುಗಿಯ ಮತ್ತು ಅವಳ ತಾಯಿಯ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ, ಹೆಸರು ಬೇಡ.

ಎಡಗೈಯಲ್ಲಿ ನಾಡಿ ಇರಲಿಲ್ಲ

ಮನೆಯವರು ವಿಜಯಪುರ ಜಿಲ್ಲೆಯವರು. ತಂದೆ ಭೋಸರಿಯ ಕಾರ್ಖಾನೆಗಳಿಗೆ ಟೆಂಪೊ ಓಡಿಸುತ್ತಾರೆ, ತಾಯಿ ಎರಡು ಮನೆಯಲ್ಲಿ ಅಡುಗೆ ಮಾಡುತ್ತಾರೆ. ಹುಡುಗಿಗೆ ಆಗ ಹತ್ತೊಂಬತ್ತು ವರ್ಷ, ಕಾಲೇಜಿಗೆ ಹೋಗುತ್ತಿದ್ದಳು. ಕೆಲವು ತಿಂಗಳಿಂದ ಸಣ್ಣ ಜ್ವರ, ಸುಸ್ತು, ತೂಕ ಇಳಿಯುವುದು. ತಲೆ ಬಾಚಿಕೊಳ್ಳುವಾಗ, ಬಟ್ಟೆ ಒಗೆಯುವಾಗ ಎಡಗೈ ಸೋತು ಬೀಳುತ್ತಿತ್ತು. ಆಗಾಗ ವಿಪರೀತ ತಲೆನೋವು. ಒಂದು ದವಾಖಾನೆಯಲ್ಲಿ ಎಡಗೈಗೆ ಪಟ್ಟಿ ಸುತ್ತಿ ನೋಡಿ ಬಿಪಿ ಕಡಿಮೆ ಇದೆ ಎಂದರು. ಉಪ್ಪು ಹಾಕಿದ ಲಿಂಬು ಶರಬತ್ತು ಕುಡಿಯಲು ಹೇಳಿ, ಟಾನಿಕ್ ಕೊಟ್ಟು ಕಳಿಸಿದರು.

ನಮ್ಮ ಸಂಘದ ಆರೋಗ್ಯ ಶಿಬಿರಕ್ಕೆ ತಾಯಿ ಅವಳನ್ನು ಕರೆತಂದಾಗ ನಾನು ಹೆಸರು ಬರೆದುಕೊಳ್ಳುವ ಮೇಜಿನಲ್ಲಿದ್ದೆ. ಸುಮ್ಮನೆ ಎಡಗೈ ಹಿಡಿದೆ. ನಾಡಿ ಸಿಗಲಿಲ್ಲ. ನನ್ನ ಬೆರಳೇ ಸರಿಯಿಲ್ಲವೇನೋ ಅಂದುಕೊಂಡು ಬಲಗೈ ಹಿಡಿದೆ. ಅಲ್ಲಿ ಜೋರಾಗಿ ಬಡಿಯುತ್ತಿತ್ತು. ಶಿಬಿರದ ವೈದ್ಯರು ಎರಡೂ ಕೈಗಳಲ್ಲಿ ಬಿಪಿ ನೋಡಿದರು. ಎಡಗೈಯಲ್ಲಿ 80, ಬಲಗೈಯಲ್ಲಿ 170. ಅವಳ ನಿಜವಾದ ಬಿಪಿ ಬಲಗೈ ಹೇಳಿದ್ದೇ. ಎಡಗೈಗೆ ರಕ್ತ ಒಯ್ಯುವ ನಾಳ ಕಿರಿದಾಗಿದ್ದರಿಂದ ಅಲ್ಲಿ ಒತ್ತಡ ಕಡಿಮೆ ಕಾಣಿಸಿತ್ತು, ಅಷ್ಟೆ.

ಸಿಟಿ ಆಂಜಿಯೋಗ್ರಫಿ ಮಾಡಿಸಿದಾಗ ಎಡಗೈಯ ನಾಳದ ಜೊತೆಗೆ ಒಂದು ಮೂತ್ರಪಿಂಡದ ನಾಳವೂ ಕಿರಿದಾಗಿರುವುದು ತಿಳಿಯಿತು. ಮೂತ್ರಪಿಂಡಕ್ಕೆ ರಕ್ತ ಸಾಲದಿದ್ದರೆ ಅದು ರೆನಿನ್ ಎಂಬ ವಸ್ತುವನ್ನು ಹೊರಬಿಟ್ಟು ಇಡೀ ದೇಹದ ಬಿಪಿ ಏರಿಸುತ್ತದೆ. ತಲೆನೋವಿಗೆ ಕಾರಣ ಅದು. ಕಾಯಿಲೆಯ ಹೆಸರು ಟಕಾಯಾಸು ಆರ್ಟರೈಟಿಸ್. ಹೃದಯದಿಂದ ಹೊರಡುವ ಮಹಾಪಧಮನಿ ಮತ್ತು ಅದರ ದೊಡ್ಡ ಕವಲುಗಳಿಗೆ ಬರುವ ಉರಿಯೂತ. ಹೆಚ್ಚಾಗಿ ನಲವತ್ತರ ಒಳಗಿನ ಹೆಣ್ಣುಮಕ್ಕಳಿಗೆ ಬರುತ್ತದೆ. ಅಪರೂಪದ ಕಾಯಿಲೆಯಾದರೂ ಯುರೋಪಿಗಿಂತ ಭಾರತ, ಜಪಾನಿನಂಥ ಏಷ್ಯಾದ ದೇಶಗಳಲ್ಲಿ ಹೆಚ್ಚು ಕಾಣುತ್ತದೆ.

ಕೊಳೆ ಕಟ್ಟಿದ ಪೈಪಲ್ಲ, ಊದಿಕೊಂಡ ಗೋಡೆ

ಬ್ಲಾಕ್ ಎಂದಾಗ ನಮ್ಮ ಕಣ್ಣಿಗೆ ಬರುವುದು ನಲ್ಲಿಯ ಪೈಪು. ಒಳಗೆ ಕೊಳೆ ಕಟ್ಟಿದೆ, ತೆಗೆದರೆ ನೀರು ಹರಿಯುತ್ತದೆ. ವಯಸ್ಸಾದವರ ಹೃದಯದ ನಾಳದಲ್ಲಿ ಕೊಬ್ಬು ತುಂಬುವ ಕಾಯಿಲೆಗೆ ಈ ಹೋಲಿಕೆ ಅಷ್ಟಿಷ್ಟು ಸರಿಹೋಗುತ್ತದೆ. ಟಕಾಯಾಸುವಿಗೆ ಸರಿಹೋಗುವುದಿಲ್ಲ. ಇಲ್ಲಿ ಪೈಪಿನ ಗೋಡೆಯೇ ಕಾಯಿಲೆ ಬಿದ್ದಿರುತ್ತದೆ.

ದೊಡ್ಡ ರಕ್ತನಾಳದ ಗೋಡೆಗೆ ಮೂರು ಪದರ. ರಕ್ತ ತಾಗುವ ಒಳಪದರ ತೆಳ್ಳಗೆ, ನುಣುಪಾಗಿರುತ್ತದೆ. ನಡುವಿನ ಪದರದಲ್ಲಿ ಸ್ನಾಯು ಮತ್ತು ರಬ್ಬರಿನಂತೆ ಹಿಗ್ಗಿ ಕುಗ್ಗುವ ಎಲಾಸ್ಟಿನ್ ನಾರುಗಳಿವೆ. ಹೊರಪದರ ಹೊದಿಕೆಯಂತೆ ಇರುತ್ತದೆ. ಮಹಾಪಧಮನಿಯ ಗೋಡೆ ಎಷ್ಟು ದಪ್ಪ ಎಂದರೆ, ಒಳಗೆ ಹರಿಯುವ ರಕ್ತದಿಂದ ಹೊರಭಾಗಕ್ಕೆ ಪೋಷಣೆ ಸಾಲದು. ಅದಕ್ಕಾಗಿ ಹೊರಪದರದಲ್ಲಿ ಕೂದಲೆಳೆಯಂಥ ಸಣ್ಣ ನಾಳಗಳಿವೆ. ಕಾಯಿಲೆ ಮಾಡುವ ಕೋಶಗಳು ಮುಖ್ಯವಾಗಿ ಈ ಹಿತ್ತಿಲ ಬಾಗಿಲಿನಿಂದಲೇ ಗೋಡೆಯೊಳಗೆ ಬರುತ್ತವೆ.

ಕೆಲಸದಲ್ಲಿದ್ದಾಗ ಇಂಥ ನಾಳದ ತುಣುಕಿನ ಸ್ಲೈಡನ್ನು ನಾನು ಕೆಲವೇ ಬಾರಿ ನೋಡಿದ್ದೇನೆ. ದೊಡ್ಡ ನಾಳದಿಂದ ತುಣುಕು ತೆಗೆಯುವುದು ಅಪಾಯ, ಆದ್ದರಿಂದ ಬಯಾಪ್ಸಿ ಬರುವುದಿಲ್ಲ; ಶಸ್ತ್ರಚಿಕಿತ್ಸೆ ಆದಾಗ ಮಾತ್ರ ಬರುತ್ತದೆ. ಎಲಾಸ್ಟಿನ್‌ಗೆ ಹಾಕುವ ವಿಶೇಷ ಬಣ್ಣದಲ್ಲಿ ಆರೋಗ್ಯವಂತರ ನಾಳ ನೋಡಿದರೆ ಕಪ್ಪು ಗೆರೆಗಳು ಅಲೆ ಅಲೆಯಾಗಿ, ಸಾಲು ತಪ್ಪದೆ ಕಾಣುತ್ತವೆ. ಕಾಯಿಲೆಯ ನಾಳದಲ್ಲಿ ಆ ಗೆರೆಗಳು ಅಲ್ಲಲ್ಲಿ ತುಂಡಾಗಿರುತ್ತವೆ. ಮಾಮೂಲಿ ಬಣ್ಣದ ಸ್ಲೈಡಿನಲ್ಲಿ ಅದೇ ಜಾಗದಲ್ಲಿ ನೀಲಿ ಚುಕ್ಕೆಗಳ ಗುಂಪು. ಆ ಚುಕ್ಕೆಗಳೇ ನಮ್ಮನ್ನು ಕಾಯಬೇಕಾದ ಬಿಳಿ ರಕ್ತಕಣಗಳು.

ಕಾಯುವವರು ಹೇಗೆ ಕೆಡಿಸುತ್ತಾರೆ?

ದೇಹವನ್ನು ಕಾಯುವ ಕೋಶಗಳ ಕಥೆ ಶುರುವಾದದ್ದು ಒಂದು ಮುಳ್ಳಿನಿಂದ. 1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿ ಎಲೀ ಮೆಚ್ನಿಕಾಫ್ ಎಂಬ ರಷ್ಯದ ಪ್ರಾಣಿಶಾಸ್ತ್ರಜ್ಞ ಪಾರದರ್ಶಕವಾದ ನಕ್ಷತ್ರಮೀನಿನ ಮರಿಗೆ ಸಣ್ಣ ಮುಳ್ಳು ಚುಚ್ಚಿದ. ಮರುದಿನ ನೋಡಿದರೆ ಮುಳ್ಳಿನ ಸುತ್ತ ಕೋಶಗಳು ಮುತ್ತಿಕೊಂಡಿದ್ದವು. ಹೊರಗಿನಿಂದ ಬಂದದ್ದನ್ನು ನುಂಗಿ ಹಾಕುವ ಈ ಭಕ್ಷಕ ಕೋಶಗಳ ಸಂಶೋಧನೆಗೆ ಅವನಿಗೆ 1908ರಲ್ಲಿ ನೊಬೆಲ್ ಬಹುಮಾನ ಬಂತು. ಅದೇ 1908ರಲ್ಲಿ ಜಪಾನಿನ ಕಣ್ಣಿನ ವೈದ್ಯ ಮಿಕಿತೊ ಟಕಾಯಾಸು 21 ವರ್ಷದ ಹೆಣ್ಣುಮಗಳೊಬ್ಬಳ ಕಣ್ಣಿನ ಹಿಂಭಾಗದಲ್ಲಿ ಮಾಲೆಯಂತೆ ಹೆಣೆದುಕೊಂಡ ರಕ್ತನಾಳಗಳನ್ನು ಕಂಡು ವರದಿ ಮಾಡಿದರು. ಇಂಥ ರೋಗಿಗಳ ಮಣಿಕಟ್ಟಿನಲ್ಲಿ ನಾಡಿಯೂ ಸಿಗುವುದಿಲ್ಲ ಎಂದು ಅವರ ಜೊತೆಯ ವೈದ್ಯರು ಹೇಳಿದರು. ಈ ಕಾಯಿಲೆಗೆ ನಾಡಿಯಿಲ್ಲದ ರೋಗ ಎಂಬ ಹೆಸರೂ ಬಂತು. ಕಾಯುವ ಕೋಶವೇ ಈ ನಾಳವನ್ನು ಕೆಡಿಸುತ್ತದೆ ಎಂದು ತಿಳಿಯಲು ಮುಂದೆ ಹಲವು ದಶಕ ಬೇಕಾಯಿತು.

ಈಗ ತಿಳಿದಿರುವ ಕ್ರಮ ಹೀಗೆ. ನಾಳದ ಹೊರಪದರ ಮತ್ತು ನಡುಪದರದ ಗಡಿಯಲ್ಲಿ ಡೆಂಡ್ರಿಟಿಕ್ ಕೋಶಗಳು ಇರುತ್ತವೆ. ಇವು ನಮ್ಮ ಸೊಸೈಟಿಯ ವಾಚ್‌ಮನ್ ಇದ್ದ ಹಾಗೆ. ಆರೋಗ್ಯವಂತರಲ್ಲಿ ಸುಮ್ಮನೆ ಕೂತಿರುತ್ತವೆ, ಇತರ ಕೋಶಗಳನ್ನೂ ಶಾಂತವಾಗಿಡುತ್ತವೆ. ಈ ಕಾಯಿಲೆಯಲ್ಲಿ ಅವು ಎಚ್ಚೆತ್ತು, ಕಳ್ಳನಿಲ್ಲದಿದ್ದರೂ ಸೀಟಿ ಊದುತ್ತವೆ.

ಸೀಟಿ ಕೇಳಿ ಬರುವವು ಟಿ ಕೋಶಗಳು. ಇವುಗಳಲ್ಲಿ ಕೆಲವು ಇಂಟರ್‌ಫೆರಾನ್ ಗಾಮಾ, ಇನ್ನು ಕೆಲವು ಇಂಟರ್‌ಲ್ಯೂಕಿನ್ 17 ಎಂಬ ರಾಸಾಯನಿಕ ಸಂದೇಶ ಕಳಿಸಿ ಮತ್ತಷ್ಟು ಕೋಶಗಳನ್ನು ಕರೆಯುತ್ತವೆ. ಕೊಲ್ಲುವ ಕೆಲಸದ ಟಿ ಕೋಶಗಳು ಪರ್ಫೊರಿನ್ ಎಂಬ ವಸ್ತುವಿನಿಂದ ನಾಳದ ಕೋಶಗಳಿಗೇ ತೂತು ಹಾಕುತ್ತವೆ. ಆಮೇಲೆ ಮ್ಯಾಕ್ರೊಫೇಜ್ ಎಂಬ ಭಕ್ಷಕ ಕೋಶಗಳು ಬರುತ್ತವೆ. ಮೆಚ್ನಿಕಾಫ್ ಮುಳ್ಳಿನ ಸುತ್ತ ಕಂಡ ಬಗೆಯವೇ ಇವು. ಹಲವು ಒಂದಕ್ಕೊಂದು ಕೂಡಿ ದೈತ್ಯ ಕೋಶಗಳಾಗುವುದೂ ಉಂಟು. ಇವು ಮೂರು ಹಾನಿ ಮಾಡುತ್ತವೆ.

ಮೊದಲನೆಯದು, ಎಲಾಸ್ಟಿನ್ ನಾರುಗಳನ್ನು ಕತ್ತರಿಸುವ ಕಿಣ್ವ ಬಿಡುತ್ತವೆ. ಸ್ಲೈಡಿನಲ್ಲಿ ಕಪ್ಪು ಗೆರೆ ತುಂಡಾಗಿ ಕಂಡದ್ದು ಇದರಿಂದ. ನಾರು ಕಡಿದ ಜಾಗದಲ್ಲಿ ಗೋಡೆ ಬಲೂನಿನಂತೆ ಉಬ್ಬಬಹುದು.

ಎರಡನೆಯದು, ಬೆಳವಣಿಗೆಯ ಸಂದೇಶ ಕೊಡುತ್ತವೆ. ನಡುಪದರದ ಸ್ನಾಯುಕೋಶಗಳು ಒಳಪದರಕ್ಕೆ ನುಗ್ಗಿ ಸಂಖ್ಯೆಯಲ್ಲಿ ಹೆಚ್ಚುತ್ತವೆ. ಒಳಪದರ ದಪ್ಪವಾಗಿ ರಕ್ತದ ದಾರಿ ಕಿರಿದಾಗುತ್ತದೆ. ನಾವು ಬ್ಲಾಕ್ ಎಂದು ಕರೆಯುವುದು ಇದನ್ನು. ಅಲ್ಲಿ ಹೊರಗೆ ತೆಗೆಯಲು ಕೊಳೆ ಇರುವುದಿಲ್ಲ. ಬೆಳೆದು ನಿಂತದ್ದು ಅವಳದೇ ಮಾಂಸ.

ಮೂರನೆಯದು, ಇಂಟರ್‌ಲ್ಯೂಕಿನ್ 6 ಮತ್ತು ಟಿಎನ್‌ಎಫ್ ಎಂಬ ವಸ್ತುಗಳನ್ನು ರಕ್ತಕ್ಕೆ ಬಿಡುತ್ತವೆ. ಜ್ವರ, ಸುಸ್ತು, ತೂಕ ಇಳಿಯುವುದು ಇವುಗಳಿಂದ. ಇಂಟರ್‌ಲ್ಯೂಕಿನ್ 6 ಯಕೃತ್ತಿಗೆ ಮುಟ್ಟಿದಾಗ ಅದು ಸಿಆರ್‌ಪಿ ತಯಾರಿಸುತ್ತದೆ. ನಿಮ್ಮ ರಕ್ತಪರೀಕ್ಷೆಯ ವರದಿಯಲ್ಲಿ ಕಾಣುವ ಸಿಆರ್‌ಪಿ ಅದೇ.

ಮೊದಲ ಸೀಟಿ ಊದಿಸಿದ್ದು ಯಾವುದು? ಒಂದೇ ಕಾರಣ ಸಾಬೀತಾಗಿಲ್ಲ. ಎಚ್‌ಎಲ್‌ಎ ಬಿ 52 ಎಂಬ ಹುಟ್ಟುಗುಣ ಇರುವವರಲ್ಲಿ ಈ ಕಾಯಿಲೆ ಹೆಚ್ಚು ಎಂದು ಜಪಾನಿನಲ್ಲೂ ಭಾರತದಲ್ಲೂ ಕಂಡಿದೆ. ಕ್ಷಯದ ಸಂಬಂಧ ಇರಬಹುದೆಂಬ ಅನುಮಾನ ಹಳೆಯದು, ಅದೂ ಸಾಬೀತಾಗಿಲ್ಲ. ಇದು ಅಂಟುರೋಗವಲ್ಲ, ಹುಡುಗಿ ಮಾಡಿಕೊಂಡ ತಪ್ಪಿನಿಂದ ಬಂದದ್ದೂ ಅಲ್ಲ. ಅವಳ ತಾಯಿ ಇದನ್ನು ನನ್ನ ಬಾಯಿಂದ ಮೂರು ಸಲ ಹೇಳಿಸಿಕೊಂಡರು.

ನಮ್ಮ ಸಮಿತಿ ಮಾಡಿದ ತಪ್ಪು

ಈಗ ಹಿರಿಯರ ಪ್ರಶ್ನೆಗೆ ಬರುತ್ತೇನೆ. ಎರಡು ವರ್ಷದ ಹಿಂದೆ ವೈದ್ಯರು ಮೊದಲು ಮಾತ್ರೆಗಳಿಂದ ಉರಿಯೂತ ತಗ್ಗಿಸಿ, ಆಮೇಲೆ ಮೂತ್ರಪಿಂಡದ ನಾಳಕ್ಕೆ ಸ್ಟೆಂಟ್ ಹಾಕಿದರು. ಆ ಖರ್ಚಿನ ದೊಡ್ಡ ಪಾಲು ನಮ್ಮ ನಿಧಿಯಿಂದ ಹೋಯಿತು. ಬಿಪಿ ಇಳಿಯಿತು. ನಾವು ಕಡತದ ಮೇಲೆ "ನೆರವು ಪೂರ್ಣ" ಎಂದು ಬರೆದು ಮುಚ್ಚಿದೆವು. ಆ ಎರಡು ಪದ ಬರೆದ ಕೈ ನನ್ನದು.

ಮಾತ್ರೆ ಮುಂದುವರಿಸಬೇಕೆಂದು ಡಿಸ್ಚಾರ್ಜ್ ಕಾಗದದಲ್ಲಿ ಇತ್ತು. ಆದರೆ ಮಾತ್ರೆಗೆ, ರಕ್ತಪರೀಕ್ಷೆಗೆ, ಸ್ಕ್ಯಾನಿಗೆ ಹಣ ಎಲ್ಲಿಂದ ಎಂದು ನಾವು ಕೇಳಲಿಲ್ಲ. ಸ್ಟಿರಾಯ್ಡಿನಿಂದ ಹುಡುಗಿಯ ಮುಖ ಊದಿತು. ಕೆಲವು ತಿಂಗಳಲ್ಲಿ ಮನೆಯವರು ಎಲ್ಲವನ್ನೂ ನಿಲ್ಲಿಸಿದರು. ಆಮೇಲೆ ನಾನು ಅವರ ಮನೆಗೆ ಹೋದಾಗ ತಾಯಿ ಕೇಳಿದ್ದು ಇದು: "ಅಕ್ಕಾರ, ಸ್ಟೆಂಟ್ ಹಾಕ್ಯಾರಲ್ರೀ, ಮತ್ತ ಗುಳಿಗಿ ಯಾಕ ನುಂಗಬೇಕು? ಆಕಿ ಮಾರಿ ಹೆಂಗ ಬಾತಿತ್ತು ನೋಡಿದ್ರೇನು? ನಾಳಿ ನೋಡಾಕ ಬರೋರು ಏನಂತಾರ?"

ನೋಡಿ, ಹಿರಿಯ ದಾನಿ ಕೇಳಿದ್ದೂ ಈ ತಾಯಿ ಕೇಳಿದ್ದೂ ಒಂದೇ ಪ್ರಶ್ನೆ.

ಸ್ಟೆಂಟ್ ಕಿರಿದಾದ ದಾರಿಯನ್ನು ಹಿಗ್ಗಿಸುತ್ತದೆ. ಗೋಡೆಯೊಳಗಿನ ಟಿ ಕೋಶಕ್ಕೂ ಮ್ಯಾಕ್ರೊಫೇಜಿಗೂ ಅದು ಏನೂ ಮಾಡುವುದಿಲ್ಲ. ಬಲೂನು ಹಿಗ್ಗಿಸುವಾಗ ಗೋಡೆಗೆ ಸ್ವಲ್ಪ ಗಾಯವೂ ಆಗುತ್ತದೆ. ಕೋಶಗಳು ಶಾಂತವಾಗಿದ್ದರೆ ಗಾಯ ಮಾಯುತ್ತದೆ. ಅವು ಕೆರಳಿದ್ದರೆ ಒಳಪದರ ಮತ್ತೆ ಬೆಳೆದು ಸ್ಟೆಂಟಿನೊಳಗೇ ದಾರಿ ಮುಚ್ಚತೊಡಗುತ್ತದೆ. ಈ ಹುಡುಗಿಗೆ ಆದದ್ದು ಹೀಗೇ. ತಲೆನೋವು ಮರಳಿತು, ಬಿಪಿ ಏರಿತು, ಸ್ಟೆಂಟ್ ಇದ್ದ ಜಾಗ ಮತ್ತೆ ಕಿರಿದಾಯಿತು. ನಾವು ಕೊಟ್ಟ ದೊಡ್ಡ ಮೊತ್ತ, ಕೊಡದ ಸಣ್ಣ ಮೊತ್ತದ ಕಾರಣದಿಂದ ಅರ್ಧ ವ್ಯರ್ಥವಾಯಿತು.

ಔಷಧ ಯಾವ ಕೋಶವನ್ನು ಹಿಡಿಯುತ್ತದೆ?

ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಹೆಚ್ಚು ಕಡಿಮೆ ಎಲ್ಲ ಬಗೆಯ ಕೋಶಗಳನ್ನೂ ಬೇಗ ಅಡಗಿಸುತ್ತದೆ. ಬೆಲೆಯೂ ಕಡಿಮೆ. ಆದರೆ ಬಹುಕಾಲ ಹೆಚ್ಚು ಪ್ರಮಾಣದಲ್ಲಿ ತೆಗೆದುಕೊಂಡರೆ ಮುಖ ಊದುತ್ತದೆ, ಸಕ್ಕರೆ ಏರುತ್ತದೆ, ಮೂಳೆ ಸವೆಯುತ್ತದೆ, ಸೋಂಕು ಸುಲಭವಾಗುತ್ತದೆ. ಒಮ್ಮೆಗೇ ನಿಲ್ಲಿಸಿದರೆ ಇನ್ನೊಂದು ಅಪಾಯ: ದೇಹದ ಸ್ವಂತ ಸ್ಟಿರಾಯ್ಡ್ ಗ್ರಂಥಿ ಅಷ್ಟರಲ್ಲಿ ಕೆಲಸ ಮರೆತಿರುತ್ತದೆ. ವೈದ್ಯರು ಹೇಳಿದಂತೆ ಮೆಲ್ಲಗೆ ಇಳಿಸಬೇಕು.

ಹಾಗೆ ಇಳಿಸಲು ಸಾಧ್ಯವಾಗಲೆಂದು ಮೆಥೊಟ್ರೆಕ್ಸೇಟ್, ಅಜಾಥಯೋಪ್ರಿನ್, ಮೈಕೊಫಿನೊಲೇಟ್‌ನಂಥ ಎರಡನೆಯ ಮಾತ್ರೆ ಕೊಡುತ್ತಾರೆ. ಇವು ಲಿಂಫೋಸೈಟುಗಳ ಅಬ್ಬರವನ್ನು ತಗ್ಗಿಸುತ್ತವೆ. ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ ತೆಗೆದುಕೊಳ್ಳುವ ಔಷಧ. ದಿನವೂ ತೆಗೆದುಕೊಂಡರೆ ಪ್ರಾಣಕ್ಕೇ ಅಪಾಯ. ನಾವು ಔಷಧ ತಂದುಕೊಡುವವರು ಇದನ್ನು ಪ್ರತಿ ಸಲ ನೆನಪಿಸಬೇಕು. ಮೆಥೊಟ್ರೆಕ್ಸೇಟ್, ಮೈಕೊಫಿನೊಲೇಟ್ ಎರಡೂ ಗರ್ಭಿಣಿಯರಿಗೆ ಆಗವು. ಮದುವೆ, ಮಕ್ಕಳ ಯೋಚನೆ ಇದ್ದರೆ ವೈದ್ಯರಿಗೆ ಮೊದಲೇ ಹೇಳಿದರೆ ಅವರು ಔಷಧ ಬದಲಿಸುತ್ತಾರೆ. ಕಾಯಿಲೆ ಹತೋಟಿಯಲ್ಲಿದ್ದು ವೈದ್ಯರ ನಿಗಾ ಇದ್ದರೆ ತಾಯಿಯಾದವರು ಎಷ್ಟೋ ಮಂದಿ ಇದ್ದಾರೆ. ಹುಡುಗಿಯ ತಾಯಿಗೆ ಇದನ್ನೂ ಹೇಳಿದೆ.

ಇವುಗಳಿಗೂ ಬಗ್ಗದಿದ್ದರೆ ಒಂದೊಂದೇ ಸಂದೇಶವನ್ನು ತಡೆಯುವ ಇಂಜೆಕ್ಷನ್‌ಗಳಿವೆ. ಟೊಸಿಲಿಜುಮಾಬ್ ಇಂಟರ್‌ಲ್ಯೂಕಿನ್ 6ರ ಸಂದೇಶ ಕೋಶಕ್ಕೆ ತಲುಪದಂತೆ ಮಾಡುತ್ತದೆ. ಜಪಾನಿನಲ್ಲಿ 2017ರಲ್ಲಿ ಈ ಕಾಯಿಲೆಗೆ ಅದಕ್ಕೆ ಅನುಮತಿ ಸಿಕ್ಕಿತು. ಅಡಾಲಿಮುಮಾಬ್ ಟಿಎನ್‌ಎಫ್ ಅನ್ನು ತಡೆಯುತ್ತದೆ. ಇದರ ಭಾರತೀಯ ರೂಪವನ್ನು ಅಹಮದಾಬಾದಿನ ಝೈಡಸ್ ಕ್ಯಾಡಿಲಾ 2014ರ ಡಿಸೆಂಬರಿನಲ್ಲಿ ಮೂಲ ಔಷಧಕ್ಕಿಂತ ಬಹಳ ಕಡಿಮೆ ಬೆಲೆಗೆ ತಂದಿತು. ಇಂಥ ಇಂಜೆಕ್ಷನ್ ಶುರು ಮಾಡುವ ಮೊದಲು ದೇಹದಲ್ಲಿ ಅಡಗಿದ ಕ್ಷಯ ಇದೆಯೇ ಎಂದು ನೋಡಲೇಬೇಕು, ಏಕೆಂದರೆ ಕ್ಷಯದ ಕ್ರಿಮಿಯನ್ನು ಕಟ್ಟಿಹಾಕಿರುವುದೂ ಇದೇ ಮ್ಯಾಕ್ರೊಫೇಜುಗಳು, ಇದೇ ಟಿಎನ್‌ಎಫ್.

"ವರದಿ ಚೆನ್ನಾಗಿದೆಯಲ್ಲ, ಇನ್ನು ನಿಲ್ಲಿಸೋಣ" ಎನ್ನುವಂತೆಯೂ ಇಲ್ಲ. ಇಎಸ್‌ಆರ್, ಸಿಆರ್‌ಪಿ ಸರಿಯಾಗಿ ಕಂಡರೂ ಗೋಡೆಯೊಳಗೆ ಉರಿಯೂತ ಇರಬಹುದು. ಟೊಸಿಲಿಜುಮಾಬ್ ತೆಗೆದುಕೊಳ್ಳುವವರಲ್ಲಂತೂ ಸಿಆರ್‌ಪಿ ಹೇಗೂ ಇಳಿದಿರುತ್ತದೆ. ಅದಕ್ಕೇ ನಾಡಿ, ಎರಡೂ ಕೈಯ ಬಿಪಿ, ಸ್ಕ್ಯಾನ್ ಎಲ್ಲವನ್ನೂ ಸೇರಿಸಿ ನೋಡುತ್ತಾರೆ. ಹೀಗೆ ಅಂಕ ಹಾಕಿ ಕಾಯಿಲೆಯ ಚುರುಕು ಅಳೆಯುವ ಐಟಾಸ್ 2010 ಎಂಬ ಪಟ್ಟಿಯನ್ನು ರೂಪಿಸಿದವರು ನಮ್ಮ ದೇಶದ ವೈದ್ಯರೇ.

ಯಾವ ಕಾಯಿಲೆಗೆ ಯಾವ ನೆರವು?

ರಕ್ತನಾಳದ ಉರಿಯೂತ ಒಂದೇ ಕಾಯಿಲೆಯಲ್ಲ. ಯಾವ ಕೋಶ, ಯಾವ ನಾಳ ಎಂಬುದರ ಮೇಲೆ ನೆರವಿನ ರೀತಿಯೂ ಬದಲಾಗಬೇಕು.

ಕಾವಾಸಾಕಿ ಕಾಯಿಲೆ ಸಾಮಾನ್ಯವಾಗಿ ಐದು ವರ್ಷದೊಳಗಿನ ಮಕ್ಕಳದು. ಐದು ದಿನ ದಾಟಿದ ಜ್ವರ, ಕೆಂಪು ಕಣ್ಣು, ಕೆಂಪಾಗಿ ಬಿರಿದ ತುಟಿ, ಮೈಮೇಲೆ ದದ್ದು, ಊದಿದ ಕೈಕಾಲು, ಕುತ್ತಿಗೆಯ ಗಂಟು ಇದರ ಲಕ್ಷಣ. ಇಲ್ಲಿ ಮೊದಲು ನುಗ್ಗುವವು ನ್ಯೂಟ್ರೊಫಿಲ್ ಎಂಬ ಬಿಳಿಕಣಗಳು. ಗುರಿ ಹೃದಯದ ನಾಳ. ಚಿಕಿತ್ಸೆ ಇಲ್ಲದಿದ್ದರೆ ಸುಮಾರು ನಾಲ್ಕರಲ್ಲಿ ಒಂದು ಮಗುವಿಗೆ ಆ ನಾಳ ಉಬ್ಬುತ್ತದೆ. ಸಾವಿರಾರು ಜನರ ಪ್ಲಾಸ್ಮಾದಿಂದ ತಯಾರಾದ ಇಮ್ಯುನೊಗ್ಲಾಬ್ಯುಲಿನ್ ಅನ್ನು ಜ್ವರ ಬಂದ ಹತ್ತು ದಿನದೊಳಗೆ ಕೊಟ್ಟರೆ ಅಪಾಯ ಬಹಳ ಇಳಿಯುತ್ತದೆ. ಇಲ್ಲಿ ಬೇಕಾದದ್ದು ಒಂದೇ ಸಲದ ದೊಡ್ಡ ಮೊತ್ತ, ಅದೂ ತಕ್ಷಣ. ಮುಂದಿನ ಸಭೆಯವರೆಗೆ ಕಾಯುವಂತಿಲ್ಲ.

ಬರ್ಗರ್ ಕಾಯಿಲೆ ಬೀಡಿ, ಸಿಗರೇಟು, ತಂಬಾಕಿನವರದು. ಕೈಕಾಲಿನ ಸಣ್ಣ ನಾಳಗಳು ಮುಚ್ಚಿ ಬೆರಳು ಕಪ್ಪಾಗುತ್ತದೆ. ತಂಬಾಕು ಪೂರ್ತಿ ಬಿಡದೆ ಯಾವ ಔಷಧವೂ ಕಾಲು ಉಳಿಸದು. ಅಲ್ಲಿ ಹಣಕ್ಕಿಂತ ಮೊದಲು ಬೇಕಾದದ್ದು ಮನೆಗೆ ಹೋಗಿ ಕೂತು ಮಾತಾಡುವ ಸದಸ್ಯರು.

ಟಕಾಯಾಸುವಿಗೆ ಬೇಕಾದದ್ದು ವರ್ಷಗಟ್ಟಲೆ, ತಿಂಗಳು ತಪ್ಪದ ಸಣ್ಣ ನೆರವು. ಮಹಾರಾಷ್ಟ್ರದ ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆ ಮುಖ್ಯವಾಗಿ ಆಸ್ಪತ್ರೆಗೆ ಸೇರಿದಾಗಿನ ಚಿಕಿತ್ಸೆಗೆ. ಧರ್ಮಾದಾಯ ಆಸ್ಪತ್ರೆಗಳು ಶೇ 10ರಷ್ಟು ಹಾಸಿಗೆಗಳನ್ನು ಬಡವರಿಗೆ ಉಚಿತವಾಗಿ, ಇನ್ನೂ ಶೇ 10ರಷ್ಟನ್ನು ದುರ್ಬಲ ವರ್ಗದವರಿಗೆ ರಿಯಾಯಿತಿಯಲ್ಲಿ ಕೊಡಬೇಕೆಂಬ ನಿಯಮವೂ ಇದೆ. ರೇಷನ್ ಕಾರ್ಡ್, ಆದಾಯದ ದಾಖಲೆ ಮಾಡಿಸಿಕೊಡಲು ನಮ್ಮ ಸ್ವಯಂಸೇವಕರಿದ್ದಾರೆ. ಆದರೆ ಮನೆಗೆ ಬಂದ ಮೇಲೆ ಪ್ರತಿ ತಿಂಗಳ ಮಾತ್ರೆ, ಪರೀಕ್ಷೆಯ ಖರ್ಚು ಬಹುಪಾಲು ಕುಟುಂಬದ ಜೇಬಿನಿಂದಲೇ. ಜನೌಷಧಿ ಅಂಗಡಿಯಲ್ಲಿ ಸಿಗುವ ಮಾತ್ರೆಗಳನ್ನು ಅಲ್ಲಿಂದಲೇ ತಂದರೆ ಖರ್ಚು ಇನ್ನೂ ಇಳಿಯುತ್ತದೆ.

ನಿಮ್ಮಿಂದ ಏನು ಬೇಕು

ಹುಡುಗಿಗೆ ಔಷಧ ಮತ್ತೆ ಶುರುವಾಗಿದೆ. ಮುಖದ ಊತ ಕಡಿಮೆ ಇರುವಂತೆ ಸ್ಟಿರಾಯ್ಡ್ ಬೇಗ ಇಳಿಸುವ ಯೋಜನೆ ವೈದ್ಯರದು. ಉರಿಯೂತ ತಗ್ಗಿದ ಮೇಲೆ ನಾಳವನ್ನು ಮತ್ತೆ ಹಿಗ್ಗಿಸಬೇಕೇ ಎಂದು ನೋಡುತ್ತಾರೆ. ಬಿಟ್ಟಿದ್ದ ಕಾಲೇಜಿಗೆ ಈ ಜೂನ್‌ನಿಂದ ಹೋಗುತ್ತೇನೆ ಎಂದಿದ್ದಾಳೆ.

ನಮ್ಮ ಸಮಿತಿ ಎರಡು ನಿರ್ಧಾರ ಮಾಡಿದೆ. ಒಂದು, ಇಂಥ ಕಾಯಿಲೆಗಳಲ್ಲಿ ಕಾರ್ಯಾಚರಣೆಗೆ ಹಣ ಮಂಜೂರು ಮಾಡುವಾಗಲೇ ಮುಂದಿನ ಎರಡು ವರ್ಷದ ಮಾತ್ರೆ, ಪರೀಕ್ಷೆಯ ಹಣವನ್ನೂ ಬೇರೆ ತೆಗೆದಿಡುವುದು. ಎರಡು, ಪ್ರತಿ ರೋಗಿಗೆ ಒಬ್ಬ ಸದಸ್ಯ ತಿಂಗಳಿಗೊಮ್ಮೆ ಫೋನ್ ಮಾಡಿ ಮಾತ್ರೆ ಇದೆಯೇ, ಬಿಟ್ಟಿದ್ದರೆ ಯಾಕೆ ಎಂದು ಕೇಳುವುದು. ಈ ಹುಡುಗಿಯ ಮನೆಗೆ ಆ ಫೋನ್ ನಾನು ಮಾಡುತ್ತೇನೆ.

ಆದ್ದರಿಂದ ದಾನಿಗಳಲ್ಲಿ ಈ ಸಲದ ಮನವಿ ಸ್ವಲ್ಪ ಬೇರೆ. ವರ್ಷಕ್ಕೊಮ್ಮೆ ಕೊಡುವ ದೊಡ್ಡ ಮೊತ್ತಕ್ಕೆ ನಾವು ಸದಾ ಕೃತಜ್ಞರು. ಆದರೆ ನಿಮಗೆ ಆಗುವಷ್ಟನ್ನು, ಐನೂರಾದರೂ ಸರಿ, ತಿಂಗಳು ತಿಂಗಳು ಕೊಡುವ ಮಾತು ಕೊಟ್ಟರೆ ಈ ಕಾಯಿಲೆಗೆ ಅದರಿಂದ ಹೆಚ್ಚು ಉಪಯೋಗ.

ಹಣವಿಲ್ಲದವರೂ ಒಂದು ಕೆಲಸ ಮಾಡಬಹುದು. ನಿಮ್ಮ ಮನೆಯ, ಅಕ್ಕಪಕ್ಕದ ಹೆಣ್ಣುಮಕ್ಕಳಲ್ಲಿ ಚಿಕ್ಕ ವಯಸ್ಸಿಗೇ ಬಿಪಿ, ಕೆಲಸ ಮಾಡಿದರೆ ಸೋಲುವ ಕೈ, ಕಾರಣ ತಿಳಿಯದ ಜ್ವರ, ತೂಕ ಇಳಿಯುವುದು ಕಂಡರೆ ಎರಡೂ ಮಣಿಕಟ್ಟಿನ ನಾಡಿ ಹಿಡಿದು ನೋಡಿ. ವೈದ್ಯರಲ್ಲಿ ಎರಡೂ ಕೈಯ ಬಿಪಿ ನೋಡಿ ಎಂದು ಕೇಳಿ. ವ್ಯತ್ಯಾಸ 10ಕ್ಕಿಂತ ಹೆಚ್ಚಿದ್ದರೆ ಸಂಧಿವಾತ ತಜ್ಞರನ್ನು ಕಾಣಲು ಹೇಳಿ. ಕೀಲುನೋವಿನ ವೈದ್ಯರಿಗೂ ರಕ್ತನಾಳಕ್ಕೂ ಏನು ಸಂಬಂಧ ಎನ್ನಬೇಡಿ. ದಾರಿ ತಪ್ಪಿದ ಈ ಕೋಶಗಳ ಕಾಯಿಲೆಗಳನ್ನು ನೋಡುವವರು ಅವರೇ. ಸೊಲ್ಲಾಪುರದ ದಾರಿಯಲ್ಲಿ ನಾವೆಲ್ಲ ದಾಟಿ ಹೋಗುವ ಭಿಗವಣದಲ್ಲಿ 1996ರಲ್ಲಿ ಸಂಧಿವಾತದ ಕಾಯಿಲೆಗಳ ಮನೆಮನೆ ಸಮೀಕ್ಷೆ ಶುರು ಮಾಡಿದವರು ಪುಣೆಯ ವೈದ್ಯರು. ಆ ವಿದ್ಯೆ ನಮ್ಮ ಊರಿನಲ್ಲೇ ಇದೆ.

ನಾನು ಮುಚ್ಚಿದ ಆ ಕಡತವನ್ನು ಮತ್ತೆ ತೆರೆದಿದ್ದೇನೆ. "ನೆರವು ಪೂರ್ಣ" ಎಂಬುದನ್ನು ಹೊಡೆದುಹಾಕಿ "ನೆರವು ಮುಂದುವರಿದಿದೆ" ಎಂದು ಬರೆದಿದ್ದೇನೆ. ಆ ಮಾತು ಉಳಿಯುವುದು ನಿಮ್ಮ ಕೈಯಲ್ಲಿದೆ.

ತಮ್ಮ ವಿಶ್ವಾಸಿ,
ವೈದ್ಯಕೀಯ ನೆರವು ಸಮಿತಿಯ ಸದಸ್ಯೆ, ಪುಣೆ